ಗಾಂಜಾ ನರ್ಸ್

ಕುವೈತ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಬ್ಯಾಗಿನೊಳಗೆ ಕೈಯಾಡಿಸಿದಾಗ, ಅದರಲ್ಲಿ ಏನೂ ಇಲ್ಲವೆಂದು ಗೊತ್ತಿದ್ದೂ ರೋಶ್ನಿಯ ಅಂಗೈ ಬೆವರಿತು. ಟೊರೊಂಟೊದಲ್ಲಿ ಅವಳು ನರ್ಸ್ ಆಗಿದ್ದ ಕ್ಲಿನಿಕ್ಕಿನಲ್ಲಿ ರೋಗಿಗಳಿಗೆ ಗಾಂಜಾದಿಂದ ಮಾಡಿದ ಔಷಧಿ ಕೊಡುತ್ತಿದ್ದರು. ಕ್ಯಾನ್ಸರಿನವರು, ನರನೋವಿನವರು ಅವಳೆದುರು ಕೂತು ತಮ್ಮ ಸಂಕಟವೆಲ್ಲ ಹೇಳಿಕೊಳ್ಳುವರು. ಯಾರಿಗೆ ಎಷ್ಟು ಹನಿಯಿಂದ ಶುರು ಮಾಡಬೇಕು, ಯಾರಿಗೆ ಅದು ಬೇಡವೇ ಬೇಡ ಎಂಬುದನ್ನು ಅವಳು ಡಾಕ್ಟರ ಜೊತೆ ಕೂತು ನೋಡುವಳು. ಅಲ್ಲಿ ಅದು ಮರ್ಯಾದೆಯ ಕೆಲಸ. ಇಲ್ಲಿ ಒಂದು ಹನಿ ಸಿಕ್ಕಿದರೂ ಜೈಲು.

ಫರ್ವಾನಿಯಾದ ಫ್ಲ್ಯಾಟಿನ ಬಾಗಿಲು ತೆರೆದ ಅಕ್ಕ ಐವಿ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಕೊಲ್ಲಿ ಯುದ್ಧ ಮುಗಿದ ಮೇಲೆ ಮಂಗಳೂರಿನಿಂದ ಬಂದು ಒಂದೇ ಆಫೀಸಿನಲ್ಲಿ ದುಡಿದವಳು, ಮದುವೆಯಾಗಿರಲಿಲ್ಲ. ಈಗ ಹೊಟ್ಟೆಯ ಕ್ಯಾನ್ಸರಿಗೆ ಕೀಮೋ ನಡೆಯುತ್ತಿತ್ತು.

"ತಂದಿದ್ದೀಯಾ?" ಎಂದಳು ಐವಿ, ತಂಗಿ ಚಪ್ಪಲಿ ಬಿಡುವ ಮೊದಲೇ.

"ಎಂತದು?"

"ನಿನ್ನ ಔಷಧಿ. ಕೆನಡಾದವರಿಗೆಲ್ಲ ಕೊಡ್ತೀಯಲ್ಲ."

ರೋಶ್ನಿ ದಂಗಾದಳು. ಗಾಂಜಾ ಎನ್ನಲು ನಾಚಿ, ತಂಗಿಗೆ ಮಕ್ಕಳ ವಾರ್ಡಿನಲ್ಲಿ ಕೆಲಸವೆಂದು ಇಗರ್ಜಿಯವರಿಗೆಲ್ಲ ಹೇಳಿಕೊಂಡು ಬಂದವಳು ಇದೇ ಐವಿ.

"ಇಲ್ಲಿ ಅದೆಲ್ಲ ಆಗ್ಲಿಕ್ಕಿಲ್ಲ ಅಕ್ಕ. ಸಿಕ್ಕಿಬಿದ್ರೆ ಇಬ್ಬರೂ ಒಳಗೆ."

"ಮತ್ತೆ ಎಂತಕ್ಕೆ ಬಂದದ್ದು ನೀನು?"

ಐವಿ ಎರಡು ದಿನ ಮಾತು ಬಿಟ್ಟಳು. ಅವಳು ಬಚ್ಚಲಲ್ಲಿ ಬಗ್ಗಿ ಕಾರಿಕೊಳ್ಳುವಾಗ ರೋಶ್ನಿ ಬೆನ್ನು ಸವರುತ್ತ ನಿಲ್ಲುವಳು. ಎಷ್ಟೋ ಅಪರಿಚಿತರಿಗೆ ಹಸಿವು ಮರಳಿಸಿದ ಕೈ ಅದು. ಸ್ವಂತ ಅಕ್ಕನೆದುರು ಖಾಲಿ.

ಮೂರನೆಯ ದಿನ ಅವಳು ಕುರ್ಚಿ ಎಳೆದು, ಕ್ಲಿನಿಕ್ಕಿನಲ್ಲಿ ಕೂರುವಂತೆಯೇ ಎದುರು ಕೂತಳು.

"ವಾಂತಿ ಯಾವಾಗ ಜಾಸ್ತಿ ಬರ್ತದೆ?"

ಐವಿ ಗೋಡೆ ನೋಡುತ್ತಲೇ ಇದ್ದಳು. ರೋಶ್ನಿ ಕಾದಳು. ಕಾಯುವುದೂ ಆ ಕೆಲಸದ ಒಂದು ಭಾಗವೇ.

"ಸಂಜೆ," ಎಂದಳು ಐವಿ ಕೊನೆಗೆ. "ಬಿಲ್ಡಿಂಗಿನವರೆಲ್ಲ ಮನೆಗೆ ಬಂದು ಒಗ್ಗರಣೆ ಹಾಕ್ತಾರಲ್ಲ, ಆಗ."

"ವಾಂತಿ ನಿಲ್ಲುವ ಮಾತ್ರೆ ಕೊಟ್ಟಿದ್ದಾರೆ. ತಗೊಳ್ತೀಯಾ?"

"ಇಲ್ಲ."

"ಯಾಕೆ?"

"ಅದು ತಗೊಂಡ್ರೆ ಹೆಣದ ಹಾಗೆ ನಿದ್ದೆ ಬರ್ತದೆ. ಮಲಗಿದಲ್ಲೇ ಹೋದ್ರೆ ಯಾರಿಗೆ ಗೊತ್ತಾಗ್ತದೆ ಹೇಳು? ವಾಸನೆ ಬಂದ ಮೇಲೆ ಬಾಗಿಲು ಒಡೀಬೇಕು. ಮೇಲಿನ ಮಾಳಿಗೆಯಲ್ಲಿ ಒಬ್ಬನಿಗೆ ಹಾಗೇ ಆಯ್ತು."

ಗಾಂಜಾದ ಔಷಧಿಯೂ ನಿದ್ದೆ ತರಿಸುವಂಥದೇ. ತಂದಿದ್ದರೂ ಅಕ್ಕ ಅದನ್ನು ಕುಡಿಯುತ್ತಿರಲಿಲ್ಲ.

ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದರು. ಡಾಕ್ಟರು ಸಮಾಧಾನದಿಂದ ಕೇಳಿ, ಮಂಪರು ತರದ ಬೇರೆ ಮಾತ್ರೆ ಬರೆದರು. ಅಲ್ಲಿಂದ ಬಂದವಳೇ ರೋಶ್ನಿ ಪಕ್ಕದ ಫ್ಲ್ಯಾಟಿನ ಬಾಗಿಲು ತಟ್ಟಿದಳು. ಅಲ್ಲಿದ್ದವರು ಉಳ್ಳಾಲದ ಬ್ಯಾರಿ ಹೆಂಗಸು ಪಾತು, ಗಂಡ ಬಾವಾನ ಜೊತೆ. ಇಷ್ಟು ವರ್ಷ ಐವಿಗೂ ಅವರಿಗೂ ಲಿಫ್ಟಿನಲ್ಲಿ ನಗುವಷ್ಟೇ ಪರಿಚಯ. ಕಾಯಿಲೆಯ ಸುದ್ದಿ ಕೇಳಿ ಪಾತು ಎದೆಗೆ ಕೈ ಇಟ್ಟುಕೊಂಡರು.

"ಅಲ್ಲ ಮಾರಾಯ್ತಿ, ಒಂದೇ ಗೋಡೆ ನಮ್ಮದು! ನನಗೆ ಒಂದು ಮಾತು ಹೇಳ್ಬಾರ್ದಾ?"

"ಅವಳು ಯಾರಿಗೂ ಹೇಳುವವಳಲ್ಲ," ಎಂದಳು ರೋಶ್ನಿ.

ದಿನಾ ಒಮ್ಮೆ ಬಂದು ನೋಡಲು ಪಾತುವಿಗೆ ಮನೆಯ ಒಂದು ಕೀಲಿ ಕೊಡು ಎಂದು ರೋಶ್ನಿ ಹೇಳಿದರೆ ಐವಿ ಸುತರಾಂ ಒಪ್ಪಲಿಲ್ಲ. ಪಾತು ಒತ್ತಾಯಿಸಲಿಲ್ಲ, ದಿನಾ ಬೆಳಿಗ್ಗೆ ಗಂಜಿನೀರು ಹಿಡಿದು ಬಂದು, ಐವಿ ಬಾಗಿಲು ತೆಗೆಯುವವರೆಗೂ ನಿಂತರು. ರೋಶ್ನಿ ಹೊರಡುವ ಹಿಂದಿನ ದಿನ ಐವಿಯೇ ಕೀಲಿಯನ್ನು ಅವರ ಕೈಯಲ್ಲಿಟ್ಟಳು.

ಟೊರೊಂಟೊದಲ್ಲಿ ಹಿಮ ಬಿದ್ದಿತ್ತು. ರೋಶ್ನಿ ಬೆಳಿಗ್ಗೆ, ಕುವೈತಿನಲ್ಲಿ ಸಂಜೆಯಾಗುವ ಹೊತ್ತಿಗೆ, ಫೋನು ಮಾಡಿದರೆ ಅಕ್ಕ ಎಷ್ಟೋ ಸಲ ಪಾತುವಿನ ಮನೆಯಲ್ಲೇ ಇರುತ್ತಿದ್ದಳು. "ಆಮೇಲೆ ಮಾಡ್ತೇನೆ, ಇಲ್ಲಿ ಮಾತಾಡ್ತಾ ಕೂತಿದ್ದೇವೆ," ಎಂದು ಇಟ್ಟುಬಿಡುವಳು. ಹಿಂದಿನಿಂದ ಪಾತ್ರೆಗಳ ಸದ್ದು, ಬಾವಾನ ನಗು ಕೇಳಿಸುತ್ತಿತ್ತು. ರೋಶ್ನಿಗೆ ಖುಷಿಯಾಗುತ್ತಿತ್ತು. ಹೊಟ್ಟೆಯಲ್ಲಿ ಸಣ್ಣ ಕಿಚ್ಚೂ ಏಳುತ್ತಿತ್ತು. ಅವಳ ಫ್ಲ್ಯಾಟಿನಲ್ಲಿ ಸದ್ದು ಮಾಡುವುದು ಹೀಟರೊಂದೇ.

ಮಾರ್ಚಿನಲ್ಲಿ ಐವಿ ತೀರಿಕೊಂಡಳು. ಸುದ್ದಿ ಕೊಟ್ಟದ್ದು ಪಾತು. "ಹೆದರಲಿಲ್ಲ ಅವರು. ಕೈ ಹಿಡ್ಕೊಂಡೇ ಇದ್ದೆ ನಾನು," ಎಂದು ಅತ್ತರು. ರೋಶ್ನಿ ಫೋನನ್ನು ಕಿವಿಗೆ ಒತ್ತಿಕೊಂಡು, ಆ ಅಳು ನಿಲ್ಲುವವರೆಗೂ ಕೇಳುತ್ತ ಕೂತಳು. ಅಕ್ಕನನ್ನು ಹತ್ತಿರದಿಂದ ಬಲ್ಲವರೆಂದು ರೋಶ್ನಿಗೆ ಲೋಕದಲ್ಲಿ ಇನ್ನು ಪಾತು ಒಬ್ಬರೇ ಉಳಿದಿದ್ದರು.