ಐವತ್ತೊಂಬತ್ತಾದ ಮೇಲೆ ಅರವತ್ತು

ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ನನ್ನ ಭಾವನನ್ನು ನೋಡಿಯೇ ಕಟ್ಟಿರಬೇಕು. ಇಡೀ ದೇಶಕ್ಕೆ ಸರಿಯಾದ ಸಮಯ ಕೊಡುವ ಕಚೇರಿಯಲ್ಲಿ ಅವರು ಅಧಿಕಾರಿ. ಬೆನ್ನ ಹಿಂದೆ ನಾನು ಗಡಿಯಾರಪ್ಪ ಎನ್ನುತ್ತೇನೆ. ಅಲ್ಲಿನ ಪರಮಾಣು ಗಡಿಯಾರಗಳು ಅಪ್ಪಿತಪ್ಪಿಯೂ ತಪ್ಪುವುದಿಲ್ಲ. ತಪ್ಪುವುದು ಭೂಮಿ. ತನ್ನ ಸುತ್ತ ತಾನು ತಿರುಗುವುದರಲ್ಲಿ ಅದು ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ. ಆ ವ್ಯತ್ಯಾಸ ಸೇರಿ ಸೇರಿ ಒಂದು ಸೆಕೆಂಡಿನ ಹತ್ತಿರಕ್ಕೆ ಬಂದಾಗ ಎಲ್ಲ ದೇಶಗಳ ಗಡಿಯಾರಕ್ಕೂ ಒಂದೇ ಗಳಿಗೆಯಲ್ಲಿ ಒಂದು ಸೆಕೆಂಡು ಹೆಚ್ಚಿಗೆ ಸೇರಿಸುತ್ತಾರೆ. ಐವತ್ತೊಂಬತ್ತಾದ ಮೇಲೆ ಸೊನ್ನೆಯ ಬದಲು ಅರವತ್ತು ಬರುತ್ತದೆ, ಸೊನ್ನೆ ಆಮೇಲೆ.

"ಪಾಪ, ಅದು ನಿಧಾನ. ನಾವೇ ಒಂಚೂರು ಕಾಯ್ಬೇಕು," ಎನ್ನುತ್ತಿದ್ದರು ಭಾವ, ಭೂಮಿ ತಮ್ಮ ಸ್ವಂತ ಮಗಳು ಎನ್ನುವ ಹಾಗೆ.

ಅಕ್ಕನಿಗೆ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋಯಿತು, ಮಾತು ತಡವರಿಸತೊಡಗಿತು. ನೋಡಿಕೊಳ್ಳಲು ನಾನು ಬಂದೆ. ಡಾಕ್ಟರ್ ಒಂದೇ ಮಾತು ಹೇಳಿದ್ದರು: "ಅವರ ಬಾಯಿಗೆ ನೀವು ಮಾತು ಹಾಕ್ಬೇಡಿ. ಎಷ್ಟೊತ್ತಾದ್ರೂ ಕಾಯಿರಿ." ಒಂದು ಪದಕ್ಕೆ ಅರ್ಧ ನಿಮಿಷ ಬೇಕಾಗುತ್ತಿತ್ತು, ಆದರೆ ಬರುತ್ತಿತ್ತು. ಭಾವನಿಗೆ ಅಷ್ಟು ಪುರುಸೊತ್ತೆಲ್ಲಿ? ಅವಳು "ಬಾ…" ಎಂದರೆ ಸಾಕು, "ಬಾಗಿಲಾ? ಬಾಚಣಿಗೆನಾ?" ಎಂದು ಒಗಟು ಬಿಡಿಸುವವರಂತೆ ಮೇಲೆ ಬೀಳುತ್ತಿದ್ದರು. ಅಕ್ಕ ಸಾಕಾಗಿ ಯಾವುದಕ್ಕೋ ಹೂಂ ಎನ್ನುತ್ತಿದ್ದಳು. ಬಾಚಿದ ತಲೆಯನ್ನೇ ಮತ್ತೆ ಬಾಚಿಸಿಕೊಳ್ಳುತ್ತಿದ್ದಳು.

ಸೆಕೆಂಡು ಸೇರಿಸುವ ಗಳಿಗೆ ನಮ್ಮ ಕಡೆ ಬೀಳುವುದು ಬೆಳಗಿನ ಹೊತ್ತಿಗೆ. ಆ ಸಲ ಸೇರಿಸಬೇಕಿದ್ದ ದಿನ ಭಾವ ಕತ್ತಲಿರುವಾಗಲೇ ಬೂಟು ಹಾಕಿಕೊಂಡು ಹೊರಟಿದ್ದರು. ಅಕ್ಕ ಎಡಗೈಯಲ್ಲಿ ಅವರ ತೋಳು ಹಿಡಿದಳು.

"ನೀ…"

"ನೀರಾ?"

ಅಲ್ಲವೆಂದು ತಲೆಯಾಡಿಸಿದಳು. "ನೀ… ನೀ…"

"ನೀರೇ ತಾನೆ? ಇರು, ತರ್ತೀನಿ."

ಅವಳ ಪಕ್ಕದ ಸ್ಟೂಲಿನ ಮೇಲೆ ತುಂಬಿದ ಲೋಟ ಇತ್ತು. ಅದೂ ಅವರ ಕಣ್ಣಿಗೆ ಬೀಳಲಿಲ್ಲ. ಅಡುಗೆಮನೆಯಿಂದ ಇನ್ನೊಂದು ಲೋಟ ತಂದು ತುಟಿಗಿಟ್ಟರು. "ಬೇಗ ಕುಡಿ, ಇವತ್ತೊಂದಿನ ಲೇಟಾಗೋ ಹಾಗಿಲ್ಲ." ಅಕ್ಕ ಅವರ ಮುಖವನ್ನೇ ನೋಡುತ್ತ ಅಷ್ಟನ್ನೂ ಕುಡಿದಳು. ನಾನಾದರೂ ಬಾಯಿ ಬಿಡಬಹುದಿತ್ತು. ಗಂಡ ಹೆಂಡತಿ ನಡುವೆ ನನಗೇನು ಎಂದು ಸುಮ್ಮನಿದ್ದೆ. ಆ ಸಿಟ್ಟು ನನ್ನ ಮೇಲೆ ನನಗೆ ಇವತ್ತಿಗೂ ಇದೆ.

ಮಧ್ಯಾಹ್ನ ಭಾವ ಹಿಗ್ಗಿಕೊಂಡು ಬಂದರು. "ಇಡೀ ಪ್ರಪಂಚ ಒಂದ್ ಸೆಕೆಂಡ್ ಕಾಯ್ತು ಕಣೇ!" ಅಡುಗೆಮನೆಯಿಂದ ನಾನು ಬಂದು ನೋಡುತ್ತೇನೆ, ಅಕ್ಕ ಕುರ್ಚಿಯಲ್ಲಿ ಒಂದು ಪಕ್ಕಕ್ಕೆ ವಾಲಿದ್ದಾಳೆ. ಎರಡನೆಯ ಸ್ಟ್ರೋಕ್. ಜೀವ ಉಳಿಯಿತು, ಮಾತು ಪೂರ್ತಿ ಹೋಯಿತು. ಇನ್ನು ಬರುವುದಿಲ್ಲ ಎಂದು ಡಾಕ್ಟರ್ ಕೈಚೆಲ್ಲಿದರು.

ತಡೆಯಲಾರದೆ ಒಂದು ದಿನ ಹೇಳಿಯೇಬಿಟ್ಟೆ. "ಅವಳು ನೀರು ಕೇಳಿರ್ಲಿಲ್ಲ ಭಾವ. ಲೋಟ ಪಕ್ಕದಲ್ಲೇ ಇತ್ತು. 'ನೀವು' ಅಂತ ಏನೋ ಹೇಳೋಕೆ ಹೊರಟಿದ್ಳು."

"ನೀವು… ಏನು?"

"ನಂಗೇನ್ ಗೊತ್ತು? ನೀವು ಕಾದಿದ್ರೆ ಗೊತ್ತಾಗ್ತಿತ್ತು."

ಭಾವ ಈಗ ರಜೆ ಹಾಕಿ ಮನೆಯಲ್ಲೇ ಇದ್ದಾರೆ. ಕೈಗಡಿಯಾರ ಬಿಚ್ಚಿಟ್ಟಿದ್ದಾರೆ. ದಿನಾ ಸಂಜೆ ಅಕ್ಕನ ಎದುರು ಕುರ್ಚಿ ಎಳೆದುಕೊಂಡು ಕೂತು, "ನೀ…" ಎಂದು ನಿಲ್ಲಿಸುತ್ತಾರೆ. ಮುಂದಿನದನ್ನು ಅವಳು ಹೇಳಲಿ ಎಂದು ಕಾಯುತ್ತಾರೆ. ಎಷ್ಟೊತ್ತಾದರೂ ಅವಸರ ಮಾಡುವುದಿಲ್ಲ.

ಅಕ್ಕ ಅವರ ಮುಖವನ್ನೇ ನೋಡುತ್ತಾಳೆ. ಆಮೇಲೆ ನಿಧಾನವಾಗಿ ಬಾಯಿ ತೆರೆಯುತ್ತಾಳೆ. ಭಾವ ಮುಂದಕ್ಕೆ ಬಾಗುತ್ತಾರೆ.

ಬಾಯಿ ತೆರೆದುಕೊಂಡೇ ಅವಳು ನೀರಿಗೆ ಕಾಯುತ್ತಾಳೆ. ನಾನು ಹೋಗಿ ಲೋಟ ತರುತ್ತೇನೆ.