ಎಂಟು ಅಂಗುಲ ಕೆಳಗಿನ ಗಾಳಿ

ಬೇಲೂರು ತಾಲ್ಲೂಕಿನ ಇತಿಹಾಸವನ್ನು ಮುಂದೆ ಯಾರಾದರೂ ಬರೆಯುವುದಾದರೆ, ಹೊಯ್ಸಳರ ಅಧ್ಯಾಯ ಮುಗಿದ ಮೇಲೆ ಒಂದು ಪುಟವನ್ನು ಖಾಲಿ ಬಿಟ್ಟುಕೊಳ್ಳುವುದು ಒಳ್ಳೆಯದು. ಕಳೆದ ಜನವರಿಯ ಎರಡನೆಯ ಭಾನುವಾರ ಮಾದಿಹಳ್ಳಿಯಲ್ಲಿ, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ನಟರಾಜ್ ತಮ್ಮ ಕಾರು ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯನ್ನು ಇದ್ದ ಜಾಗದಿಂದ ಎಂಟು ಅಂಗುಲ ಕೆಳಗಿಳಿಸಿದರು.

ಇದಕ್ಕೆ ಕಿರಣ್ ಹೊಣೆ. ಅದೇ ಊರಿನ ಜಮೀನುದಾರ ಕೃಷ್ಣಪ್ಪನವರ ಮಗನಾದ ಈತ ಹಳೇಬೀಡಿನಲ್ಲಿ ಪೈಪು, ಮೋಟರುಗಳ ಅಂಗಡಿ ಇಟ್ಟಿದ್ದ. ಮೇಷ್ಟ್ರ ಶಾಲೆಯೂ ಹಳೇಬೀಡಿನಲ್ಲೇ ಇದ್ದುದರಿಂದ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಒಂದೇ ರಸ್ತೆ ಹಿಡಿಯುತ್ತಿದ್ದರು. ದಿನವೂ ಕಿರಣನ ಕರಿ ಕಾರು ಗುಟುರು ಹಾಕುತ್ತ ಬಂದು ಮೇಷ್ಟ್ರ ಬಿಳಿ ಕಾರನ್ನು ಹಿಂದೆ ಹಾಕಿ ಧೂಳೆಬ್ಬಿಸಿ ಹೋಗುತ್ತಿತ್ತು. ಎರಡು ವರ್ಷ ಇದನ್ನು ಮೇಷ್ಟ್ರು ಸಹಿಸಿದರು. ಸಹಿಸಲಾಗದ್ದು, ಹಳೇಬೀಡು ಬಸ್‌ಸ್ಟಾಂಡಿನ ಹೋಟೆಲಿನಲ್ಲಿ ಹತ್ತು ಜನರೆದುರು ಅವನು ಆಡಿದ ಮಾತು.

"ಯಾಕ್ ಮೇಷ್ಟ್ರೆ, ಇವತ್ತು ರೇಸಿಗೆ ಬಿದ್ದಂಗಿತ್ತು? ನಿಮ್ಮಪ್ಪ ದ್ಯಾವಯ್ಯ ನಮ್ಮನೆ ಎತ್ತಿನ ಹಿಂದೆ ನಡ್ಕಂಡು ಬತ್ತಿದ್ದ. ನೀವು ನನ್ನ ಹಿಂದೆ ಕಾರಲ್ಲಿ ಬತ್ತಾ ಇದೀರ. ಏನ್ ಕಮ್ಮಿ ಆಯ್ತು?"

ಹತ್ತರಲ್ಲಿ ಆರು ಮಂದಿ ನಕ್ಕರು, ಮೇಷ್ಟ್ರು ಎಣಿಸಿದರು. ಉಳಿದ ನಾಲ್ವರು ಕಾಫಿ ಲೋಟದ ಒಳಗೆ ಏನನ್ನೋ ಹುಡುಕಿದರು. ಅವತ್ತೇ ನಿರ್ಧಾರವಾಯಿತು. ಒಂದು ದಿನ, ಒಂದೇ ಒಂದು ದಿನ, ಇದೇ ಜನ ನೋಡುತ್ತಿರುವಂತೆ ಕಿರಣನಿಗಿಂತ ಮುಂಚೆ ಹಳೇಬೀಡು ಸೇರಬೇಕು.

ಸೇಡಿಗೆ ಅವರು ಆರಿಸಿಕೊಂಡ ಆಯುಧ ಭೌತಶಾಸ್ತ್ರ. ತಣ್ಣಗಿನ ಗಾಳಿ ದಟ್ಟವಾಗಿರುತ್ತದೆ, ದಟ್ಟ ಗಾಳಿ ಕುಡಿದ ಇಂಜಿನ್ನು ಹುರುಪಾಗಿ ಓಡುತ್ತದೆ. ಆನ್‌ಲೈನಿನಲ್ಲಿ ಒಂದು ಕೋಲ್ಡ್ ಏರ್ ಇನ್‌ಟೇಕ್ ತರಿಸಿದರು: ಅಲ್ಯೂಮಿನಿಯಂ ಕೊಳವೆ, ತುದಿಗೆ ಚೊಂಬಿನ ಗಾತ್ರದ ಕೆಂಪು ಫಿಲ್ಟರು. ಎಲ್ಲ ಕಾರಿಗೂ ಹೊಂದುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಮೇಷ್ಟ್ರ ಕಾರಿಗೆ ಹೊಂದಲಿಲ್ಲ. ಬ್ಯಾಟರಿಗೆ ತಾಗಿಕೊಂಡು, ಇಂಜಿನ್ನಿನ ಬಿಸಿಗಾಳಿಯನ್ನೇ ಎಳೆಯುವಂತೆ ಕುಳಿತಿತು. ಅರಸೀಕೆರೆಯ ಮೆಕ್ಯಾನಿಕ್ ಶಿವಪ್ರಕಾಶನಿಗೆ ಫೋನ್ ಮಾಡಿದರೆ, "ಬಿಟ್ಬಿಡಿ ಸಾ, ಮೊದಲಿದ್ದಂಗೇ ಇರ್ಲಿ" ಎಂದ. ಮೇಷ್ಟ್ರು ಬಿಡುವ ಸ್ಥಿತಿಯಲ್ಲಿರಲಿಲ್ಲ.

ಭಾನುವಾರ ತಿಂಡಿಯಾದ ಮೇಲೆ ಮನೆಯ ಮುಂದೆಯೇ ಕೆಲಸ ಶುರುವಾಯಿತು. ಗರಗಸದಲ್ಲಿ ಕೊಳವೆ ಕೊಯ್ದರು. ಪಿವಿಸಿ ಬೆಂಡೊಂದನ್ನು ಬಿಸಿನೀರಿನಲ್ಲಿ ಮೆದುಮಾಡಿ ಅದಕ್ಕೆ ತುರುಕಿ ಕ್ಲಿಪ್ಪು ಬಿಗಿದರು. ಫಿಲ್ಟರನ್ನು ಮುಂದಿನ ಬಂಪರಿನ ಹಿಂದೆ, ನೆಲದಿಂದ ಒಂದೂವರೆ ಗೇಣು ಎತ್ತರದಲ್ಲಿ ಕೂರಿಸಿದರು. ಗಾಳಿ ಸಲೀಸಾಗಿ ನುಗ್ಗಲೆಂದು ಬಂಪರಿನ ಜಾಲರಿಯನ್ನೂ ಕಿತ್ತರು. ಇಂಜಿನ್ನಿನ ಬಿಸಿ ತಾಗದಂತೆ ಒಂದು ತಗಡನ್ನು ಅಡ್ಡ ನಿಲ್ಲಿಸಿದರು.

"ಅದು ನನ್ನ ಇಡ್ಲಿ ಪಾತ್ರೆ ಮುಚ್ಚಳ," ಎಂದರು ಹೆಂಡತಿ ಲತಾಮಣಿ.

"ಹೊಸದು ತಂದ್ಕೊಡ್ತೀನಿ ಕಣೇ."

"ಉಸಿರು ಕಟ್ಟಿರೋದು ಕಾರಿಗೋ ನಿಮಗೋ, ಮೊದಲು ಯಾರಿಗಾದ್ರೂ ತೋರಿಸ್ಕೊಳ್ಳಿ."

ಜಗುಲಿಯ ಮೇಲೆ ಕುಳಿತಿದ್ದ ದ್ಯಾವಯ್ಯ ಬಗ್ಗಿ ನೋಡಿದರು. "ಬಾಯಿ ನೆಲಕ್ಕೆ ತಂದಿದೀಯ ಮಗ. ನೆಲದತ್ರ ಬರೀ ಗಾಳಿ ಇರಾಕಿಲ್ಲ."

"ಕೆಳಗಿನ ಗಾಳಿ ತಂಪಪ್ಪ."

"ತಂಪೇನೋ ಸರಿ," ಎಂದು ದ್ಯಾವಯ್ಯ ಎಲೆಗೆ ಸುಣ್ಣ ಹಚ್ಚಿದರು.

ಜನವರಿಯೆಂದರೆ ಆ ಸೀಮೆಯಲ್ಲಿ ಹುರುಳಿ ಒಕ್ಕಣೆ. ಕಣ ಮಾಡಿ ಎತ್ತು ಕಟ್ಟುವ ತಾಪತ್ರಯ ಈಗಿಲ್ಲ. ಕಿತ್ತ ಗಿಡವನ್ನು ಡಾಂಬರು ರಸ್ತೆಯ ಮೇಲೆ ಮಂದವಾಗಿ ಹರಡಿ, ಎರಡು ಅಂಚಿಗೂ ಕಲ್ಲು ಸಾಲಿಟ್ಟರೆ, ಬಸ್ಸು ಲಾರಿಗಳು ಪುಕ್ಕಟೆ ತುಳಿದುಕೊಟ್ಟು ಹೋಗುತ್ತವೆ. ಇನ್‌ಟೇಕಿನ ಪೆಟ್ಟಿಗೆಯಲ್ಲಿದ್ದ ಸೂಚನೆಯ ಹಾಳೆ ಹುರುಳಿಯ ಬಗ್ಗೆ ಏನನ್ನೂ ಹೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ಕರಿ ಕಾರು ಎಂದಿನಂತೆ ಹಿಂದೆ ಬಂತು. ಮೇಷ್ಟ್ರು ಕಾಲೊತ್ತಿದರು. ಬಿಳಿ ಕಾರು ಹುಟ್ಟಿದಾಗಿನಿಂದ ಹೊರಡಿಸದ ದನಿಯೊಂದನ್ನು ಹೊರಡಿಸಿ ಮುನ್ನುಗ್ಗಿತು. ಒಂದು ಮೈಲಿ, ಎರಡು ಮೈಲಿ. ಕಿರಣ್ ಕನ್ನಡಿಯೊಳಗೇ ಉಳಿದ. ಹುಲಿಕೆರೆ ಕಡೆಯ ತಿರುವು ದಾಟುತ್ತಲೇ ರಸ್ತೆಯ ತುಂಬ ಹುರುಳಿ. ಅಲ್ಲಿ ಎಲ್ಲರೂ ನಿಧಾನಿಸುತ್ತಾರೆ, ಮೇಷ್ಟ್ರೂ ಅಷ್ಟು ವರ್ಷ ನಿಧಾನಿಸಿದವರೇ. ಅವತ್ತು ಎಪ್ಪತ್ತರಲ್ಲಿ ನುಗ್ಗಿಸಿದರು. ಹೊಟ್ಟು ಮೋಡದಂತೆ ಎದ್ದಿತು. ಕೆಳಗಿನ ತಂಪು ಗಾಳಿಯ ಜೊತೆ ಅದನ್ನೂ ಬಾಯ್ತುಂಬ ಎಳೆದುಕೊಂಡ ಕಾರು ಎರಡು ಸಲ ಕೆಮ್ಮಿ, ಹುರುಳಿ ಹರವಿನ ನಟ್ಟನಡುವೆ ನಿಂತುಬಿಟ್ಟಿತು.

ಕಿರಣ್ ಹರವಿನ ಅಂಚಿನಲ್ಲಿ ಕಾರು ನಿಲ್ಲಿಸಿ ಹಾರನ್ ಬಾರಿಸಿದ. ಎರಡೂ ಕಡೆ ಕಲ್ಲಿನ ಸಾಲಿತ್ತು, ಪಕ್ಕಕ್ಕೆ ದಾರಿಯಿರಲಿಲ್ಲ. ಅವನ ಹಿಂದೆ ಹಾಲಿನ ವ್ಯಾನು ಬಂತು, ಅದರ ಹಿಂದೆ ಹಳೇಬೀಡಿನ ಬಸ್ಸು. ಕಿರಣ್ ಇಳಿದು ಬಂದ.

"ತೆಗೀರಿ ಮೇಷ್ಟ್ರೆ."

"ಇಂಜಿನ್ ನಿಂತಿದೆ."

"ಇಳಿದು ತಳ್ಳಿ ಮತ್ತೆ."

"ಮುಂದೆ ಇರೋನು ಹೆಂಗ್ ತಳ್ಳಲಿ ಕಿರಣ್. ಹಿಂದೆ ಇರೋರು ತಾನೆ ತಳ್ಳಬೇಕು."

ಆ ಹುರುಳಿ ಕೃಷ್ಣಪ್ಪನವರ ಹೊಲದ್ದು. ಬೇವಿನ ನೆರಳಿನಲ್ಲಿ ಕಾವಲು ಕುಳಿತಿದ್ದ ಕಿರಣನ ತಾಯಿ ರುಕ್ಮಿಣಮ್ಮ ಕೋಲೂರಿಕೊಂಡು ಎದ್ದು ಬಂದರು. ಅವರಿಗೆ ಕಾರಿನ ವಿಚಾರ ತಿಳಿಯದು, ಹುರುಳಿಯ ವಿಚಾರ ತಿಳಿದಿತ್ತು.

"ಏನ್ಲಾ ನೋಡ್ತಾ ನಿಂತಿದೀಯ. ಬಂಡಿ ಒಂದೇ ಕಡೆ ನಿಂತ್ರೆ ಮಿಕ್ಕಿದ್ದು ಯಾರು ತುಳಿಯೋರು? ತಳ್ಳು."

"ಜನ ನೋಡ್ತಾವ್ರೆ ಕಣಮ್ಮ."

"ನೋಡ್ಲಿ ಬಿಡು, ಕದ್ದಿದ್ದಲ್ಲ. ನೀವು ಒಳಗೇ ಕೂತ್ಕಳಿ ಮೇಷ್ಟ್ರೆ, ಚಕ್ರ ನೆಟ್ಟಗೆ ಹಿಡ್ಕಳಿ."

ಕಿರಣ್ ಬಗ್ಗಿ ತಳ್ಳತೊಡಗಿದ. ಹರವಿನ ಕೊನೆ ಮುಟ್ಟಿದಾಗ ರುಕ್ಮಿಣಮ್ಮ ಒಂದು ಗಿಡ ಎತ್ತಿ ಕೊಡವಿ ನೋಡಿ, "ಕಾಳು ಇನ್ನೂ ಬಿಟ್ಟಿಲ್ಲ ಕಣೋ. ಹಿಂದಕ್ಕೂ ಒಂದ್ಸಲ ತಳ್ಳು. ಬಂಡಿ ಹೆಂಗೂ ಸುಮ್ನೆ ಐತೆ" ಎಂದರು. ಬಸ್ಸಿನವರು ಕಿಟಕಿಯಿಂದ ತಲೆ ಹೊರಹಾಕಿದ್ದರು. ಹೋಟೆಲಿನಲ್ಲಿ ನಕ್ಕಿದ್ದ ಆರರಲ್ಲಿ ಮೂವರು ಅದರಲ್ಲಿದ್ದರು. ಈಗಲೂ ನಕ್ಕರು, ಅವರಿಗೆ ಪಕ್ಷಪಾತವಿರಲಿಲ್ಲ. ಮೇಷ್ಟ್ರು ನೇರ ಮುಂದೆ ನೋಡುತ್ತ, ಬ್ರೇಕಿನ ಮೇಲೆ ಹೆಬ್ಬೆರಳಿನಷ್ಟೇ ಭಾರ ಬಿಟ್ಟುಕೊಂಡು ಕುಳಿತಿದ್ದರು.

ಮೂರು ಸುತ್ತಾದ ಮೇಲೆ ರುಕ್ಮಿಣಮ್ಮನೇ ಸಾಕೆಂದರು, ಕಾರು ಬದಿಗೆ ಸರಿಯಿತು. ಮೇಷ್ಟ್ರು ಬೀಗ ಹಾಕಿ ಬಸ್ಸು ಹತ್ತಿದರು. ಕಿರಣ್ ಅಂಗಿ ಬದಲಾಯಿಸಲು ವಾಪಸ್ಸು ಊರಿಗೆ ಹೋದ.

ಸಂಜೆ ದ್ಯಾವಯ್ಯ ಎಲ್ಲವನ್ನೂ ಎರಡು ಸಲ ಹೇಳಿಸಿಕೊಂಡರು.

"ಎತ್ತಿಗಾದ್ರೆ ಎರಡು ಸುತ್ತಿಗೊಂದ್ಸಲ ನೀರು ಕುಡಿಸ್ತಿದ್ದೆ," ಎಂದರು. "ಅವನಿಗೆ ಕುಡಿಸಿದ್ಯಾ?"

"ಇಲ್ಲ."

"ಸರಿ."

ಶಿವಪ್ರಕಾಶ ಕಾರನ್ನು ಅರಸೀಕೆರೆಗೆ ಎಳೆಸಿಕೊಂಡು ಹೋಗಿ ಮೊದಲಿನ ಕೊಳವೆಯನ್ನೇ ಕೂರಿಸಿದ. ಕಿರಣ್ ಈಗ ಅಂಗಡಿಗೆ ಆ ರಸ್ತೆ ಬಿಟ್ಟು ಹಗರೆಯ ಮೇಲೆ ಸುತ್ತಿಕೊಂಡು ಹೋಗುತ್ತಾನೆ.