ಮಾವನಿಗೆ ಮೋಟಾರ್ ಸೈಕಲ್ಲು

ಹಗ್ಗ ಮತ್ತೆ ಸಡಿಲವಾಗಿದೆ, ಲಾರಿ ಗುಂಡಿಗೆ ಇಳಿದಾಗಲೆಲ್ಲ ಮೋಟಾರ್ ಸೈಕಲ್ಲು ನನ್ನ ಕಡೆಗೇ ವಾಲುತ್ತದೆ, ಹ್ಯಾಂಡಲ್ಲು ಪಕ್ಕೆಗೆ ಒತ್ತುತ್ತದೆ, ಈಚೆ ಅಕ್ಕಿ ಮೂಟೆ, ಆಚೆ ಇದು, ಕಾಲು ಚಾಚಲು ಜಾಗವಿಲ್ಲ — ವನಜಾ, ಗಟ್ಟಿ ಹಿಡ್ಕಂಡು ಕೂತ್ಕ, ಬಣ್ಣಕ್ಕೆ ಗೀರು ಬಿದ್ರೆ ನೋಡು ಮತ್ತೆ, ಅಂತ ಅಪ್ಪ ಮುಂದಿನಿಂದ ಕೂಗಿದ, ಡ್ರೈವರ್ ಸಣ್ಣಬೀರಪ್ಪ ನಕ್ಕ, ಗಾಡಿಗಾದ್ರೆ ಬಣ್ಣ ಬಳಿಬೌದು ಆನಂದಪ್ಪೋರೆ, ಮದುಮಗಳ ಮುಖಕ್ಕೆ ಗೀರು ಬಿದ್ರೆ ಏನ್ಮಾಡ್ತೀರಿ? ಮದುಮಗಳು. ತಾಳಗುಂದ ದಾಟಿತು, ಗದ್ದೆ ಕೊಯ್ಯುವವರು ಸೊಂಟ ನೆಟ್ಟಗೆ ಮಾಡಿ ನೋಡಿದ್ದು ಗಾಡಿಯನ್ನು, ನನ್ನನ್ನಲ್ಲ, ಒಳ್ಳೆಯದೇ ಆಯಿತು. ಸೊರಬ ಮುಟ್ಟಿದರೆ ಇದು ಹೂವಪ್ಪ ಮಾವನದು, ಅವ್ವನ ತಮ್ಮನದು, ಹನ್ನೆರಡು ವರ್ಷ ಮಿಲಿಟರಿಯಲ್ಲಿದ್ದು ಬಂದವನದು, ಸಂಜೆ ಅಜ್ಜಿ ನನ್ನ ಹಣೆಗೆ ನಿಶ್ಚಯದ ಬೊಟ್ಟಿಡುತ್ತಾಳೆ, ಅವನು ಗಾಡಿ ಇಸ್ಕಂಡ ಅಂದ್ರೆ ಮಾತು ಮುಗೀತು ಅನ್ನುತ್ತಾನೆ ಅಪ್ಪ, ಅವ್ವ ಎರಡು ದಿನ ಮೊದಲೇ ಬಸ್ಸು ಹತ್ತಿ ಹೋಗಿದ್ದಾಳೆ, ನನ್ನನ್ನು ಯಾರೂ ಕೇಳಲಿಲ್ಲ, ಆರನೇ ಕ್ಲಾಸಿಗೆ ಶಾಲೆ ಬಿಡಿಸಿದಾಗಲೂ ಕೇಳಿರಲಿಲ್ಲ. ನನಗೆ ಈ ಮದುವೆ ಬೇಡ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆ ಏರಿ ಮೇಲೆ ಓಡಿದವನು ಅವನು, ಅವನನ್ನು ಗಂಡ ಅನ್ನುವುದು ಹೇಗೆ.

ಕಿಕ್ಕರು ನನ್ನ ಮೊಣಕಾಲಿಗೆ ತಾಗಿಕೊಂಡೇ ಇದೆ, ಬಲಗಡೆಗಿದೆ, ಬಲಗಾಲಿನಲ್ಲೇ ಒದೆಯಬೇಕು. ಹೋದ ತಿಂಗಳು ಅವನು ಮನೆಗೆ ಬಂದಾಗ ಎಲ್ಲರೂ ಮೀಸೆ ನೋಡಿದರು, ಪದಕ ನೋಡಿದರು, ತಲೆ ಬಗ್ಗಿಸಿ ನಿಂತ ನನಗೆ ಕಾಲು ಮಾತ್ರ ಕಂಡಿತು, ಜಗಲಿ ಹತ್ತಿದರೂ ಬೂಟು ಬಿಚ್ಚಿರಲಿಲ್ಲ. ಮಿಲ್ಟ್ರಿಯೋರು ಬೂಟು ಬಿಚ್ಚಲ್ಲ ಬಿಡೇ ಅಂದಳು ಅವ್ವ. ಜಗಲಿಯಲ್ಲಿ ಅವನ ಕಾಲಿಗೆ ಕೆಂಜಿಗ ಇರುವೆ ಹತ್ತಿದವು, ಎಡಗಾಲು ಕೊಡವಿದ, ಬಲಗಾಲಿನ ಮೇಲೆ ಸಾಲು ಸಾಲು ಹತ್ತಿ ಕಾಲುಚೀಲದೊಳಗೆ ಇಳಿದರೂ ಪುಣೆಯ ಮಿಲಿಟರಿ ಆಸ್ಪತ್ರೆಯ ಮಾತಾಡುತ್ತಲೇ ಇದ್ದ. ಕಾಫಿ ಲೋಟ ಇಟ್ಟು ಕೊಡವಲು ಹೋದೆ, ನನ್ನ ಗೆಣ್ಣು ತಾಗಿ ಟಕ್ ಅಂತು, ಬಾಗಿಲ ಹಲಗೆ ಬಡಿದ ಹಾಗೆ, ಕಾಲುಚೀಲದೊಳಗೆ ಮರದ ಕಾಲು. ಅವನು ನೋಡಿದ. ಬೈಯುವ ನೋಟವಲ್ಲ. ಹೇಳಬೇಡ ಅಂತ ಕೈ ಹಿಡಿದು ಕೇಳಿಕೊಂಡ ಹಾಗೆ. ಕಾಶ್ಮೀರದಲ್ಲಿ ಗುಂಡು ತಾಗಿ ಒಂಚೂರು ಕುಂಟು, ವಾಸಿಯಾಗೈತಿ ಅಂತಲೇ ಅಪ್ಪ ಊರಿಗೆಲ್ಲ ಹೇಳಿದ್ದಾನೆ. ಅಂದಿನಿಂದ ಕಣ್ಣು ಮುಚ್ಚಿದರೆ ಆ ಬೂಟು, ಈ ಕಿಕ್ಕರಿನ ಮೇಲೆ ಆ ಬೂಟು.

ಶಿರಾಳಕೊಪ್ಪದಲ್ಲಿ ಲಾರಿ ನಿಂತಿತು, ಅಪ್ಪ ಇಣುಕಿದ, ಏನಾರ ಬೇಕೇನವ್ವ, ದನಿ ಮೆತ್ತಗಿತ್ತು, ಈಗ ಹೇಳು ವನಜಾ, ಈಗ — ಅಪ್ಪಾ. ಏನು? ನೀರು. ಕುಡಿದೆ. ಲಾರಿ ಹೊರಟಿತು.

ಸೊರಬದ ಅಂಗಳದ ತುಂಬ ಜನ, ಹಲಗೆ ಇಟ್ಟು ಗಾಡಿ ಇಳಿಸುತ್ತಾರೆ, ನಾನು ಲಾರಿಯಲ್ಲೇ ಇದ್ದೇನೆ, ಹತ್ತು ಹೂವಪ್ಪ, ಒಂದು ಒದೆ ಕೊಡು, ನಿಮ್ಮೂರಿಗೆಲ್ಲ ಕೇಳ್ಲಿ ಅನ್ನುತ್ತಾನೆ ಅಪ್ಪ. ಈಗ್ಲೇ ಬ್ಯಾಡ ಭಾವ. ಏನೋ ಇದು, ಪಾಕಿಸ್ತಾನದವರಿಗೆ ಹೆದರದೋನು ಫಟ್‌ಫಟಿಗೆ ಹೆದರ್ತೀಯಾ? ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ, ಎರಡು ಕೈಯಲ್ಲೂ ಹ್ಯಾಂಡಲ್ಲು ಬಿಗಿಹಿಡಿದಿದ್ದಾನೆ, ಬೆರಳು ಬಿಳುಚಿವೆ. ನಾನು ಏನೂ ಮಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು, ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ, ಒಂದೇ ಒಂದು ಒದೆ, ಕಾಲು ಜಾರುತ್ತದೆ, ಅವನು ಬೀಳುತ್ತಾನೆ, ಎಲ್ಲರಿಗೂ ಕಾಣುತ್ತದೆ, ಅಪ್ಪ ಗಾಡಿ ವಾಪಸ್ಸು ಹೇರಿಸುತ್ತಾನೆ, ನನ್ನನ್ನೂ — ಬೂಟು ಮೇಲೆದ್ದಿತು, ಅವನು ತಲೆಯೆತ್ತಿ ನನ್ನನ್ನೇ ನೋಡಿದ, ಯಾರದೋ ದನಿ ಬಂತು, ಅಪ್ಪಾ, ಪೂಜೆ ಆಗ್ದೆ ಹೊಸ ಗಾಡಿ ಒದೀಬಾರ್ದು, ನನ್ನದೇ ದನಿ, ಇಷ್ಟು ಜನರ ನಡುವೆ ನನ್ನದೇ ದನಿ. ಅಂಗಳ ಹೋ ಎಂದಿತು, ಕೇಳಿದ್ರಾ ಆನಂದಪ್ಪ, ಬೊಟ್ಟಿಡೋ ಮೊದ್ಲೇ ಗಂಡನ ಕಡೆ ಸೇರ್ಕಂಡ್ಲು ನಿಮ್ ಮಗಳು, ಅಜ್ಜಿ ನೆಟಿಗೆ ಮುರಿದಳು, ಅವ್ವ ಕಣ್ಣೊರೆಸಿಕೊಂಡಳು, ಇಳಿ ಬಾರೇ ಅಂತ ನಾಲ್ಕಾರು ಕೈ ಮೇಲಕ್ಕೆ ಚಾಚಿದವು, ಪೂಜೆ ನಾಳೆ, ಬೊಟ್ಟು ಸಂಜೆಗೆ, ಇಳಿಯಬೇಕು, ಇಳಿಯುತ್ತೇನೆ, ಬೂಟು ಇನ್ನೂ ನೆಲ ಮುಟ್ಟಿಲ್ಲ, ಕಿಕ್ಕರಿನ ಮೇಲೆ ಒಂದು ಗೇಣು ಎತ್ತರದಲ್ಲಿ ಆ ಬೂಟು, ಆ ಬೂಟು